ಅಪ್ಪನಾಗೋಕೆ ಪುಸ್ತಕ ಬೇಕಾ?

ಮಗಳು ಹುಟ್ಟೋಕೆ ಎರಡು ತಿಂಗಳು ಮುಂಚೆಯೇ ನನ್ನ ಮೊಬೈಲ್‌ನಲ್ಲಿ ನಾಲ್ಕು ಪೇರೆಂಟಿಂಗ್ ಪುಸ್ತಕ ಇದ್ದವು. ಬೇರೆ ದಾರಿಯೂ ಇರಲಿಲ್ಲ ಅನ್ನಿ. ಹೆಂಡತಿಗಾದರೆ ಅವಳಮ್ಮ, ದೊಡ್ಡಮ್ಮ, ಪಕ್ಕದ ಮನೆ ಅಜ್ಜಿ ಎಲ್ಲ ಹೇಳಿಕೊಡ್ತಾರೆ. ಗಂಡಸಿಗೆ ಯಾರು ಹೇಳಿಕೊಡ್ತಾರೆ? ನಮ್ಮಪ್ಪನನ್ನು ಕೇಳಿದೆ. "ನಿನ್ನನ್ನ ನಾನು ಮೊದಲು ಎತ್ಕೊಂಡಿದ್ದೇ ಮೂರು ತಿಂಗಳಾದ ಮೇಲೆ ಕಣೋ" ಅಂದರು. ಅಲ್ಲಿಗೆ ಅವರ ಪಾಠ ಮುಗೀತು.

ಬಾಣಂತನ ಶಿವಮೊಗ್ಗದಲ್ಲಿ, ಅತ್ತೆ ಮನೇಲಿ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಉಂಟು, ನಮ್ಮಂಥವರಿಗೆ ಕಂಪನಿ ಕೊಟ್ಟಷ್ಟು. ನನಗೆ ಸಿಕ್ಕಿದ್ದು 10 ದಿನ. ನಾನು ಬಾಣಂತಿ ಕೋಣೆ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದು ನೋಡಿ ಅತ್ತೆ, "ಅಳಿಯಂದ್ರೇ, ಪುಸ್ತಕ ನೋಡಿ ಮಗು ಸಾಕಕ್ಕಾಗುತ್ತಾ?" ಅಂತ ನಕ್ಕರು. ಆದರೆ ಅವರ ಬೀರುವಿನಲ್ಲೇ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಇತ್ತು, ಹಾಳೆ ಹಳದಿಯಾಗಿತ್ತು. ಹೆಸರಿನಲ್ಲೇ ಅಪ್ಪನಿಗೆ ಜಾಗ ಇಲ್ಲ ಅಂದೆ. ಅದಕ್ಕೂ ನಕ್ಕರು.

ಕೆಲವು ಕಡೆ ಪುಸ್ತಕ ಸೋತಿತು. ಹಾಲು ಕುಡಿದ ಮಗುವಿಗೆ ತೇಗು ಬರಿಸೋದು ಹೇಗೆ ಅಂತ ಪುಟಗಟ್ಟಲೆ ಓದಿದ್ದೆ. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು, ಅರ್ಧ ನಿಮಿಷದಲ್ಲಿ ಆಯ್ತು. ಜೇನುತುಪ್ಪ ನೆಕ್ಕಿಸೋ ವಿಷಯ ಬಂದಾಗ ಮಾತ್ರ ನಾನು ಬಿಡಲಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಬಾಟುಲಿಸಂ ಅನ್ನೋ ಅಪಾಯ ಇದೆ. ಪುಸ್ತಕದ ಮಾತು ಅಂದ್ರೆ ಅತ್ತೆ ಕೇಳಲ್ಲ. ಹಾಗಾಗಿ ಅವರ ಎದುರಿಗೇ ಮಕ್ಕಳ ಡಾಕ್ಟರನ್ನು ಕೇಳಿದೆ. ಜೇನಿನ ಬಾಟಲಿ ಅಡುಗೆಮನೆಗೆ ವಾಪಸ್ ಹೋಯ್ತು.

ಪುಸ್ತಕಗಳನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. 1946ರಲ್ಲಿ ಬಂದ ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕ ಕೋಟಿಗಟ್ಟಲೆ ಮಾರಾಟವಾಯ್ತು. 1950ರ ದಶಕದಿಂದ ಅದರಲ್ಲಿ ಮಗುವನ್ನು ಬೋರಲು ಮಲಗಿಸಿ ಅನ್ನೋ ಸಲಹೆ ಇತ್ತು. ಬೋರಲು ಮಲಗಿದ ಮಕ್ಕಳಲ್ಲಿ ನಿದ್ದೆಯಲ್ಲೇ ಸಾವು ಹೆಚ್ಚು ಅಂತ ಆಮೇಲೆ ಗೊತ್ತಾಗಿ, 1994ರಲ್ಲಿ ಅಲ್ಲಿ 'ಅಂಗಾತ ಮಲಗಿಸಿ' ಅಂತ ಆಂದೋಲನವನ್ನೇ ಮಾಡಿದರು. ಇದು ತಿಳಿದ ಮೇಲೆ ಯಾವ ಪುಸ್ತಕ ತೆರೆದರೂ ಮೊದಲು ಮುದ್ರಣದ ವರ್ಷ ನೋಡ್ತೀನಿ.

ನಾಲ್ಕನೇ ದಿನ ಸಂಜೆ ಹೆಂಡತಿ ಕಾರಣವಿಲ್ಲದೆ ಅಳೋಕೆ ಶುರು ಮಾಡಿದಳು. ದೃಷ್ಟಿಯಾಗಿದೆ ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹೆರಿಗೆಯಾದ ಮೊದಲ ದಿನಗಳಲ್ಲಿ ಹಾರ್ಮೋನ್ ಏರುಪೇರಿಂದ ಹೀಗೆ ಅಳು ಬರೋದು ಸಾಮಾನ್ಯ, ಎರಡು ವಾರದಲ್ಲಿ ಕಡಿಮೆಯಾಗುತ್ತೆ, ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಅಂತ ನಾನು ಓದಿದ್ದೆ. ರಜೆ ಮುಗಿಸಿ ಬೆಂಗಳೂರಿಗೆ ಬಂದು ದಿನ ಎಣಿಸ್ತಾ ಇದ್ದೆ. ಹದಿನಾರನೇ ದಿನ ಫೋನಿನಲ್ಲಿ, "ಮಗು ಅತ್ರೆ ನಂಗೇನೂ ಅನ್ಸೋದೇ ಇಲ್ಲ ಕಣ್ರೀ" ಅಂದಳು. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಅವತ್ತು ರಾತ್ರಿಯೇ ರೈಲು ಹತ್ತಿದೆ. ಬಾಣಂತಿಯನ್ನು ಹೊರಗೆ ಕರ್ಕೊಂಡು ಹೋಗ್ತಾರಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಕೊನೆಗೆ ಮಾವನೇ, "ಗಾಳಿ ತಾಗದ ಹಾಗೆ ಸ್ಕಾರ್ಫ್ ಕಟ್ಟಿ, ಆಟೋ ಬೇಡ, ಕಾರು ಕರೆಸಿ" ಅಂದರು. ಹೆರಿಗೆ ನಂತರದ ಖಿನ್ನತೆ ಅಂದರು ಡಾಕ್ಟರ್. ನಾಚಿಕೆ ಪಡೋ ಕಾಯಿಲೆ ಅಲ್ಲ, ಚಿಕಿತ್ಸೆಯಿಂದ ವಾಸಿಯಾಗುತ್ತೆ ಅಂದರು. ಕೌನ್ಸೆಲಿಂಗ್ ಶುರುವಾಯ್ತು, ರಾತ್ರಿ ನಿದ್ದೆಗೆ ಅತ್ತೆ ಪಾಳಿ ಹಿಡಿದರು, ಶನಿವಾರ ಭಾನುವಾರ ನನ್ನ ಪಾಳಿ. ಸ್ಥಿತಿ ಗಂಭೀರವಾದರೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳೋ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ ಅಂತಲೂ ಆಗ ಗೊತ್ತಾಯ್ತು. ನಮಗೆ ಅದರ ಅಗತ್ಯ ಬೀಳಲಿಲ್ಲ. ಫೋನಿನಲ್ಲಾದರೂ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದವರಿಗೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416.

ಮಗಳಿಗೆ ಈಗ ಐದು ತಿಂಗಳು. ನಾದಿನಿ ಏಳು ತಿಂಗಳ ಬಸುರಿ. ಅವಳ ಗಂಡನಿಗೆ, ಅಂದರೆ ನನ್ನ ಷಡ್ಡಕನಿಗೆ, ಆ ಪುಸ್ತಕ ಕಳಿಸಿದ್ದು ನನ್ನ ಹೆಂಡತಿಯೇ. ಖಿನ್ನತೆಯ ಅಧ್ಯಾಯದ ಪುಟಸಂಖ್ಯೆಯನ್ನೂ ಬರೆದಿದ್ದಳು.