ಉಣಕಲ್ ಕೆರೆಯ ದಂಡೆಯಲ್ಲಿ ಐದು ವಾರ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ, ನಗರದ ಗದ್ದಲ ಕಿವಿಯಲ್ಲಿ ಇನ್ನೂ ಉಳಿದಿರುವಾಗಲೇ, ವಿಶಾಲವಾದ ಜಲರಾಶಿಯೊಂದು ಕಣ್ಣಿಗೆ ಬೀಳುತ್ತದೆ. ಅದೇ ಉಣಕಲ್ ಕೆರೆ. ಚನ್ನಬಸವ ಸಾಗರವೆಂಬ ಹೆಸರೂ ಇದಕ್ಕುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದು, ಚನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರ ದಂಡು ಈ ಸೀಮೆಯನ್ನು ಹಾದುಹೋಯಿತೆಂಬುದು ಇಲ್ಲಿಯ ಜನರ ನಂಬುಗೆ. ನಾವು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದಲೇ ಈ ಕೆರೆಯನ್ನು ನೋಡಿ ಮುಂದೆ ಸಾಗಿದ್ದೆವು. 2023ರ ಜನವರಿಯಲ್ಲಿ ಮಾತ್ರ ಇಲ್ಲಿ ಇಳಿದು ನಿಲ್ಲಬೇಕಾಯಿತು.

ನಮ್ಮ ಅತ್ತಿಗೆಯವರಿಗೆ ಎಡಭಾಗದಲ್ಲಿ ಸ್ತನದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆಯೂ ಕಿಮೊಥೆರಪಿಯೂ ಮುಗಿದಿದ್ದವು. ಉಳಿದದ್ದು ವಿಕಿರಣ ಚಿಕಿತ್ಸೆ. ನಮ್ಮ ಕಡೆಯ ಜನ ‘ಕರೆಂಟು ಕೊಡಿಸುವುದು’ ಎನ್ನುವರಲ್ಲ, ಅದು. ಜನವರಿ 20ರಂದು ನವನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಆಸ್ಪತ್ರೆಗೆ ಹೋದೆವು. ಅಲ್ಲಿ ನಮಗೆ ಎದುರಾದದ್ದು ನಾವು ಎಣಿಸದಿದ್ದ ತೊಡಕು. ಈ ಚಿಕಿತ್ಸೆಯಲ್ಲಿ ರೋಗಿಯು ಮಲಗಿ, ಆ ಭಾಗದ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಅಲುಗದೆ ಇರಬೇಕು. ಅತ್ತಿಗೆಯವರ ಕೈ ಭುಜದ ಮಟ್ಟಕ್ಕೂ ಏರಲಿಲ್ಲ. “ಎರಡು ವಾರ ಸಮಯವಿದೆ, ಕೈ ಮೇಲೆ ಬರಬೇಕು” ಎಂದರು ವೈದ್ಯರು.

ತಪ್ಪು ನಮ್ಮದೇ ಆಗಿತ್ತು. ಶಸ್ತ್ರಚಿಕಿತ್ಸೆಯಾದ ದಿನದಿಂದ “ಕೈ ಅಲುಗಿಸಬೇಡಿರಿ, ಎದ್ದು ಓಡಾಡಬೇಡಿರಿ” ಎಂದು ಮನೆಮಂದಿಯೆಲ್ಲ ಪ್ರೀತಿಯಿಂದಲೇ ಅವರನ್ನು ಮಂಚಕ್ಕೆ ಕಟ್ಟಿಹಾಕಿದ್ದೆವು. ಆಸ್ಪತ್ರೆಯಲ್ಲಿ ಕಲಿಸಿ ಕಳುಹಿಸಿದ್ದ ವ್ಯಾಯಾಮದ ಚೀಟಿ ದೇವರ ಕೋಣೆಯ ಮಾಡದಲ್ಲಿಯೇ ಉಳಿದಿತ್ತು. ಐದು ತಿಂಗಳಲ್ಲಿ ಭುಜ ಬಿಗಿದುಹೋಯಿತು. ಅದಕ್ಕಿಂತ ದೊಡ್ಡ ನೋವೊಂದು ಅವರ ಮನಸ್ಸಿನಲ್ಲಿತ್ತು. ಇಷ್ಟಲಿಂಗವನ್ನು ಎಡಗೈಯಲ್ಲಿ ಧರಿಸಿ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವುದು ಆಗದೆ, ಪೂಜೆ ಅರ್ಧಕ್ಕೆ ನಿಂತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯ ಫಿಜಿಯೊಥೆರಪಿಯ ತಾಯಿ ಮೊದಲ ದಿನವೇ ಹೇಳಿದ್ದು ಎರಡು ಮಾತು: ಕೈಗೆ ವ್ಯಾಯಾಮ, ಕಾಲಿಗೆ ನಡಿಗೆ. ನಡಿಗೆಗೆ ಉಣಕಲ್ ಕೆರೆಯನ್ನು ಆರಿಸಿಕೊಂಡೆವು. ಬೆಳಗಿನ ಹೊತ್ತು ನವನಗರದಿಂದ ಚಿಗರಿ ಬಸ್ಸು ಹತ್ತಿದರೆ ಕೆರೆಗೆ ಬಹಳ ಹೊತ್ತು ಬೇಕಾಗದು. ಮಾಘ ಮಾಸದ ಚಳಿಯಲ್ಲಿ ನೀರಿನ ಮೇಲೆ ತೆಳುವಾದ ಮಂಜು. ನಡುವೆ ವಿವೇಕಾನಂದರ ಪ್ರತಿಮೆ. ದಂಡೆಗುಂಟ ನಡೆಯುವ ಹಿರಿಯರು. ಮೊದಲ ದಿನ ಅತ್ತಿಗೆಯವರು ಹತ್ತು ನಿಮಿಷಕ್ಕೆ ಕುಳಿತುಬಿಟ್ಟರು. ತಲೆಯ ಸೆರಗು ಜಾರೀತೆಂದು ಮತ್ತೆಮತ್ತೆ ಹಿಡಿದುಕೊಳ್ಳುತ್ತಿದ್ದರು. ಕೂದಲು ಆಗಷ್ಟೇ ಮೊಳೆಯುತ್ತಿತ್ತು.

ಮೂರನೆಯ ದಿನ ಅದೇ ಕಲ್ಲುಬೆಂಚಿನ ಮೇಲೆ ಇನ್ನಿಬ್ಬರು ಕಂಡರು. ಒಬ್ಬರು ಗದಗ ಕಡೆಯ ವೃದ್ಧೆ, ಇನ್ನೊಬ್ಬರು ನಡುವಯಸ್ಸಿನ ಶಾಲಾ ಶಿಕ್ಷಕಿ. ಸೆರಗು ಹೊದ್ದ ರೀತಿಯಲ್ಲಿಯೇ ಒಬ್ಬರನ್ನೊಬ್ಬರು ಗುರುತಿಸಿದರು. ಮೂವರದೂ ಒಂದೇ ರೋಗ. ಆಮೇಲೆ ನಮ್ಮ ಕೆಲಸ ಹಗುರವಾಯಿತು. ಮನೆಯವರೆದುರು ಆಡದ ಮಾತುಗಳನ್ನು ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತ ನಡೆಯುವರು. ನಾವು ನಾಲ್ಕು ಹೆಜ್ಜೆ ಹಿಂದೆ. ಒಬ್ಬರ ಮನೆಯಲ್ಲಿ ಅವರ ತಟ್ಟೆ-ಲೋಟ ಬೇರೆ ಇಟ್ಟಿದ್ದರಂತೆ. ಕ್ಯಾನ್ಸರ್ ಅಂಟುವ ರೋಗವಲ್ಲ. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ಮೈಯಿಂದ ಮಕ್ಕಳಿಗಾಗಲಿ ಮೊಮ್ಮಕ್ಕಳಿಗಾಗಲಿ ಏನೂ ತಗಲುವುದಿಲ್ಲ. ಇಷ್ಟು ತಿಳಿಯದೆ ನಾವು ಎಷ್ಟು ಮನಸ್ಸುಗಳನ್ನು ನೋಯಿಸುತ್ತೇವೆ!

ಕೈಯ ವ್ಯಾಯಾಮಕ್ಕೆ ಉಪಾಯ ಹೇಳಿದವರು ಆ ವೃದ್ಧೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಮೇಲೆ ಹತ್ತಿಸುವ ವ್ಯಾಯಾಮವದು. “ಯವ್ವಾ, ಬೆರಳ ಮುಟ್ಟಿದಲ್ಲಿ ಗ್ವಾಡಿಗೆ ಈಬತ್ತಿ ಗೆರಿ ಹಾಕು. ನಾಳೆ ಅದನ್ನ ದಾಟು” ಎಂದರು. ಬಾಡಿಗೆ ಕೋಣೆಯ ಗೋಡೆಯ ಮೇಲೆ ವಿಭೂತಿಯ ಗೆರೆಗಳು ಒಂದೊಂದೇ ಬೆರಳಿನಷ್ಟು ಏರತೊಡಗಿದವು. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹರವುವುದು, ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಡುವುದು, ಇವೂ ವ್ಯಾಯಾಮಗಳೇ ಆದವು. ನಾವು ಕಸಿದುಕೊಂಡಿದ್ದ ಕಾಯಕವನ್ನು ಅವರಿಗೆ ಮರಳಿ ಕೊಟ್ಟಂತಾಯಿತು.

“ಹೀಗೆ ದುಡಿದರೆ ಕೈ ಬಾತೀತಲ್ಲ?” ಎಂಬ ಅಂಜಿಕೆ ನಮಗಿತ್ತು. ಕಂಕುಳಿನ ಗ್ರಂಥಿಗಳನ್ನು ತೆಗೆದವರಲ್ಲಿ ಕೈ ಬಾವು ಬರುವುದುಂಟು. ಕೆರೆಯ ನೀರನ್ನು ನೋಡುತ್ತ ಶಿಕ್ಷಕಿಯವರು ದೂರದ ನೀರಿನ ಕಥೆಯೊಂದನ್ನು ಹೇಳಿದರು. ಕೆನಡಾದ ವ್ಯಾಂಕೂವರ್ ನಗರದಲ್ಲಿ 1996ರಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರಿನಿಂದ ಪಾರಾದ 24 ಮಹಿಳೆಯರನ್ನು ಕೂಡಿಸಿ, ಉದ್ದನೆಯ ಡ್ರ್ಯಾಗನ್ ದೋಣಿಗೆ ಹುಟ್ಟು ಹಾಕಿಸಿದರು. ಇಂಥವರು ತೋಳಿಗೆ ಶ್ರಮ ಕೊಡಬಾರದೆಂಬುದೇ ಅಂದಿನ ತಿಳಿವಳಿಕೆ. ಆದರೆ ಆ ಋತುವಿನಲ್ಲಿ ಅವರಲ್ಲಿ ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾವು ಇದ್ದ 141 ಮಹಿಳೆಯರನ್ನು ಪರೀಕ್ಷಿಸಿದರು. ಸ್ವಲ್ಪಸ್ವಲ್ಪವಾಗಿ ಭಾರ ಎತ್ತಲು ಕಲಿತವರಲ್ಲಿ ಬಾವು ಹೆಚ್ಚಲಿಲ್ಲ. ಚಿಕಿತ್ಸೆಯಲ್ಲಿರುವವರೂ ವಾರಕ್ಕೆ ಮೂರು ಸಲ 30 ನಿಮಿಷದಷ್ಟು ನಡಿಗೆಯಂಥ ವ್ಯಾಯಾಮ ಮಾಡಿದರೆ ಆಯಾಸವೂ ಮನಸ್ಸಿನ ಕುಗ್ಗೂ ಕಡಿಮೆಯಾಗುವುದೆಂದು 2019ರಲ್ಲಿ ಹಲವು ದೇಶಗಳ ತಜ್ಞರು ಒಮ್ಮತದಿಂದ ಸಾರಿದ್ದಾರೆ.

ಹಾಗೆಂದು ಎಲ್ಲರಿಗೂ ಒಂದೇ ಅಳತೆಯಲ್ಲ. ಕಿಮೊಥೆರಪಿಯ ನಡುವೆ ರಕ್ತದ ಬಿಳಿಕಣಗಳು ಇಳಿದಾಗ ಜನಜಂಗುಳಿ ಸಲ್ಲದು, ಜ್ವರ 100.4 ಡಿಗ್ರಿ ಮುಟ್ಟಿದರೆ ನಡಿಗೆಯಲ್ಲ, ಕೂಡಲೇ ಆಸ್ಪತ್ರೆ. ರೋಗ ಮೂಳೆಗೆ ಹಬ್ಬಿದ್ದರೆ ವೈದ್ಯರನ್ನು ಕೇಳಿಯೇ ಹೆಜ್ಜೆಯಿಡಬೇಕು.

ಫೆಬ್ರುವರಿ 5, ಭಾನುವಾರ, ಭಾರತ ಹುಣ್ಣಿಮೆ. ಉಳವಿಯ ಜಾತ್ರೆಯ ಕಾಲ. ಬಾಲ್ಯದಲ್ಲಿ ಚಕ್ಕಡಿಯಲ್ಲಿ ಉಳವಿಗೆ ಹೋದದ್ದನ್ನು ನೆನೆದು ಅತ್ತಿಗೆಯವರು ಕಣ್ಣೀರಾದರು. ಅಂದು ಮೂವರನ್ನೂ ಉಣಕಲ್ ಊರೊಳಗೆ ಕರೆದೊಯ್ದೆವು. ಸಿದ್ಧಪ್ಪಜ್ಜನ ಗದ್ದುಗೆಗೆ ನಮಿಸಿ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಗೆ ಹೋದೆವು. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಗುಡಿಯನ್ನು ಒಂದು ಸುತ್ತು ಬಂದು ಜಗಲಿಯ ಮೇಲೆ ಕುಳಿತಾಗ ಅತ್ತಿಗೆಯವರು ತಮ್ಮ ಕೊನೆಯ ಅಳುಕನ್ನು ಹೊರಗಿಟ್ಟರು. ಮರುದಿನದಿಂದ ಚಿಕಿತ್ಸೆ. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಅಲ್ಲಿರುವಂತಿಲ್ಲ. “ಲಿಂಗ ತಗೀ ಅಂದ್ರ ನಾ ಒಳಗ ಹೋಗೂದಿಲ್ಲ.”

ವೃದ್ಧೆ ನಕ್ಕರು. “ಲಿಂಗಕ್ಕ ಎದಿ ಒಂದ ಜಾಗಾ ಏನವ್ವಾ? ಅಂಗೈ ಇಲ್ಲೇನು?”

ಹೌದಲ್ಲವೆ! ಕಂಠ, ಕರಸ್ಥಲ, ಉತ್ತಮಾಂಗ ಮೊದಲಾದ ಸ್ಥಾನಗಳಲ್ಲಿ ಲಿಂಗವನ್ನು ಧರಿಸಬಹುದೆಂದು ನಮ್ಮ ಪರಂಪರೆಯೇ ಹೇಳಿದೆ. ಸಿಬ್ಬಂದಿಯವರನ್ನು ಕೇಳಿದಾಗ, ಲೋಹವಿಲ್ಲದಿದ್ದರೆ ಸಾಕೆಂದು ಒಪ್ಪಿದರು. ಕರಡಿಗೆಯನ್ನು ನಮ್ಮ ಕೈಗಿತ್ತು, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ಬಲಗೈಯ ಮುಷ್ಟಿಯಲ್ಲಿ ಹಿಡಿದು ಅವರು ಒಳಗೆ ಹೋದರು. ಎಡಗೈ ತಲೆಯ ಮೇಲಕ್ಕೆ ಏರಿತ್ತು. ಗೋಡೆಯ ಮೇಲೆ ಅಂದಿಗೆ ಹದಿಮೂರು ಗೆರೆಗಳಿದ್ದವು.

ವಾರಕ್ಕೆ ಐದು ದಿನದಂತೆ ಮೂರು ವಾರ, ಒಟ್ಟು 15 ಸರದಿ. ಎರಡನೆಯ ವಾರದಲ್ಲಿ ಚರ್ಮ ಕಪ್ಪಾಯಿತು, ಆಯಾಸ ಹೆಚ್ಚಿತು. ಒಂದು ದಿನ ಅರ್ಧ ದಾರಿಗೇ ಮರಳಿದೆವು. ಆದರೂ ದಂಡೆಯ ಬೆಂಚಿನಲ್ಲಿ ಇಬ್ಬರು ಕಾದಿರುತ್ತಾರೆಂಬ ನೆನಪೇ ಅವರನ್ನು ಮರುದಿನ ಎಬ್ಬಿಸುತ್ತಿತ್ತು. ಫೆಬ್ರುವರಿ 18ರ ಶಿವರಾತ್ರಿಯಂದು, ಆ ಚಿಕ್ಕ ಕೋಣೆಯಲ್ಲಿ ದೀಪದ ಬೆಳಕಿಗೆ, ಅತ್ತಿಗೆಯವರು ಎಡ ಅಂಗೈಯ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಕೈ ನಡುಗುತ್ತಿತ್ತು, ಇಳಿಯಲಿಲ್ಲ. ನಾವು ಮಾತಾಡದೆ ಕುಳಿತಿದ್ದೆವು.

ಇಂದು ಭಾರತದ ಮಹಿಳೆಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ರೋಗಿಗೂ ಜೊತೆಗಾರರಿಗೂ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ರಿಯಾಯಿತಿಯುಂಟು. ಆದರೆ ಜೊತೆಗೆ ನಡೆಯುವವರನ್ನು ಯಾವ ಯೋಜನೆಯೂ ಕೊಡಲಾರದು. ಅದನ್ನು ಮನೆಯವರೂ ನೆರೆಯವರೂ ಮಠದ ಬಳಗದವರೂ ಕೊಡಬೇಕು. ರೋಗಿಯನ್ನು ನೋಡಲು ಹೋಗುವ ಶರಣಬಂಧುಗಳು ಹಣ್ಣಿನ ಬುಟ್ಟಿಯೊಂದಿಗೆ ಅರ್ಧ ಗಂಟೆಯನ್ನೂ ಒಯ್ಯಲಿ. “ಮಲಗಿಕೊಳ್ಳಿರಿ” ಎನ್ನುವ ಬದಲು “ನಡೆಯಿರಿ, ನಾವೂ ಬರುತ್ತೇವೆ” ಎನ್ನಲಿ.

ಫೆಬ್ರುವರಿ 24ರಂದು ಕೋಣೆ ಬಿಡುವಾಗ ಗೋಡೆಯ ಗೆರೆಗಳನ್ನು ಒರೆಸಲು ಹೋದೆವು. ಮನೆಯೊಡತಿ ತಡೆದು, “ಇರಲಿ ಬಿಡ್ರಿ, ಮುಂದ ಬರೋರಿಗೆ ಬೇಕಾಗ್ತಾವ” ಎಂದರು.