ಗಾಲಿಯೂ ಗಾಳಿಯೂ

ಕಳೆದ ಬೇಸಗೆಯ ರಜೆಯನ್ನು ನಾನು ನನ್ನ ಸೋದರಮಾವನವರ ಮನೆಯಲ್ಲಿ ಕಳೆದೆನು. ಅವರು ಆಂಧ್ರಪ್ರದೇಶದ ಪೆಂಡುರ್ತಿಯಲ್ಲಿ ವಾಸವಾಗಿದ್ದಾರೆ. ಒಂದು ಕಾಲದಲ್ಲಿ ಬೇರೆಯೇ ಊರಾಗಿದ್ದ ಪೆಂಡುರ್ತಿಯು ಈಗ ವಿಶಾಖಪಟ್ಟಣ ಮಹಾನಗರದಲ್ಲಿ ಸೇರಿಹೋಗಿದೆ. ಸಮೀಪದಲ್ಲಿಯೇ ಸಿಂಹಾಚಲದ ಬೆಟ್ಟಸಾಲು. ಅರಕು ಕಣಿವೆಗೆ ಹೋಗುವ ರಸ್ತೆಯು ಈ ಊರಿನ ಮೂಲಕವೇ ಹಾದುಹೋಗುತ್ತದೆ. ಅಲ್ಲಿಯ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಬರೆಯುವುದು ಸುಲಭವಾಗಿತ್ತು. ಆದರೆ ಅಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಹೆಬ್ಬೆರಳಿನಷ್ಟು ಗಾತ್ರದ ಒಂದು ಕವಾಟವು ಅದನ್ನು ನನ್ನ ಕಣ್ಣಿಗೆ ತೋರಿಸಿಕೊಟ್ಟಿತು. ಅದನ್ನೇ ನನ್ನ ಸಹಪಾಠಿಗಳಿಗೆ ಹೇಳಬೇಕೆಂದು ಮನಸ್ಸಾಗಿದೆ.

ಮಾವನವರಲ್ಲಿ ಮೂರು ಸಿಲಿಂಡರಿನ ಒಂದು ಹಳೆಯ ಸಣ್ಣ ಕಾರು ಉಂಟು. ಮನೆಯಿಂದ ರೈಲು ನಿಲ್ದಾಣಕ್ಕೆ, ಅಂಗಡಿಬೀದಿಗೆ, ಮತ್ತು ಮಂಡಿನೋವಿನ ಅಜ್ಜಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದಕ್ಕೆ ಅದೊಂದೇ ಆಧಾರ. ನಾನು ಹೋದ ವಾರದಲ್ಲಿ ಅದರ ಎಂಜಿನ್ನಿನಿಂದ ಎಣ್ಣೆ ಒಸರಲಾರಂಭಿಸಿತು. ಹತ್ತಿರದ ಶೆಡ್ಡಿನಿಂದ ಒಬ್ಬ ಹುಡುಗನು ಬಂದನು. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಅವನು ಎಂಜಿನ್ನಿನ ತಲೆಯ ಮೇಲಣ ಮುಚ್ಚಳವನ್ನು ತೆಗೆದು, ಅದರಡಿಯ ರಬ್ಬರಿನ ಗ್ಯಾಸ್ಕೆಟ್ಟನ್ನು ಬದಲಾಯಿಸಿ, ಅಚ್ಚುಕಟ್ಟಾಗಿ ಒರೆಸಿ ಹೋದನು. ಮೂರನೆಯ ದಿನ ನೋಡಿದರೆ ನೆಲದ ಮೇಲೆ ಮತ್ತೆ ಎಣ್ಣೆ!

ಅವನನ್ನು ಪುನಃ ಕರೆಸಿದಾಗ ಮಾವನವರು ಕೆಲಸಕ್ಕೆ ಹೋಗಿದ್ದರು. ಅವನೊಡನೆ ಮಾತನಾಡುವ ಭಾರ ನನ್ನ ಮೇಲೆ ಬಿತ್ತು. ತೆಲುಗು ಲಿಪಿಯು ನಮ್ಮ ಲಿಪಿಯನ್ನು ಬಹಳವಾಗಿ ಹೋಲುವುದರಿಂದ ಅಂಗಡಿಗಳ ಫಲಕಗಳನ್ನೆಲ್ಲ ಓದುತ್ತ, ಆ ಭಾಷೆಯು ಹದಿನೈದು ದಿನಗಳಲ್ಲಿ ನನಗೆ ಬಂದುಬಿಟ್ಟಿತೆಂದು ನಾನು ಹೆಮ್ಮೆಪಡುತ್ತಿದ್ದೆನು. ಆ ಹುಡುಗನು ಎಂಜಿನ್ನನ್ನು ನಡೆಯಿಸಿ, ಎಣ್ಣೆ ಸುರಿಯುವ ಬಾಯಿಯ ಮುಚ್ಚಳವನ್ನು ಸಡಿಲಿಸಿ, ಅದರ ಮೇಲೆ ಕೈಯಿಟ್ಟು ನೋಡಿ, “ಲೋಪಲ ಗಾಲಿ ಎಕ್ಕುವಗಾ ಉಂದಿ” ಎಂದನು. ಕಾರನ್ನು ಒಂದು ದಿನ ಶೆಡ್ಡಿನಲ್ಲಿ ಬಿಡಬೇಕೆಂದು ಸನ್ನೆಯಿಂದ ತಿಳಿಸಿದನು. ‘ಒಳಗೆ’ ಎಂಬುದೂ ‘ಹೆಚ್ಚು’ ಎಂಬುದೂ ನನಗೆ ಅರ್ಥವಾದುವು. ಗಾಲಿಯಂತೂ ನಮ್ಮದೇ ಮಾತು! ಎಂಜಿನ್ನಿನೊಳಗೆ ಗಾಲಿ ಎಲ್ಲಿಂದ ಬಂದಿತು? ತನ್ನ ಕೆಲಸದ ಲೋಪವನ್ನು ಮುಚ್ಚಿಕೊಂಡು ಇನ್ನಷ್ಟು ಹಣ ಕೀಳಲು ಇವನು ಇಲ್ಲದ ಕತೆ ಕಟ್ಟುತ್ತಿರುವನೆಂದು ನಾನು ನಿಶ್ಚಯಿಸಿದೆನು. ದೂರವಾಣಿಯಲ್ಲಿ ಮಾವನವರಿಗೆ ಹಾಗೆಯೇ ತಿಳಿಸಿದೆನು. ಅವರು ನನ್ನ ಮಾತನ್ನು ನಂಬಿ, ಉಳಿದಿದ್ದ ಅರ್ಧ ಕೂಲಿಯನ್ನು ಕೊಡುವುದು ಬೇಡವೆಂದರು. ನಾನು ಅವನಿಗೆ ನಾಲ್ಕು ಬಿರುಸಾದ ಮಾತುಗಳನ್ನೂ ಸೇರಿಸಿ ಹೇಳಿದೆನು. ಅವನು ಏನೂ ಹೇಳದೆ ತನ್ನ ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದನು.

ಭಾನುವಾರ ಬೆಳಗ್ಗೆ ಮಾವನವರು ತಾವೇ ಪರೀಕ್ಷಿಸಲು ತೊಡಗಿದರು. ಎಂಜಿನ್ನು ನಡೆಯುತ್ತಿರುವಾಗ ಎಣ್ಣೆಯ ಬಾಯಿಯನ್ನು ತೆರೆದು, ಒಂದು ತೆಳುವಾದ ಕಾಗದವನ್ನು ಅದರ ಮೇಲಿಟ್ಟರು. ಕಾಗದವು ಹಾರಿಬಿದ್ದಿತು. ಬಿಸಿಯಾದ ಹೊಗೆ ನಮ್ಮ ಮುಖಕ್ಕೆ ಬಡಿಯಿತು.

“ಒಳಗೆ ಎಷ್ಟು ಗಾಳಿ ತುಂಬಿದೆ, ನೋಡು. ಆ ಹುಡುಗನು ಏನೂ ಹೇಳಲಿಲ್ಲವೆ?” ಎಂದು ಕೇಳಿದರು.

“ಗಾಲಿ ಎಂದನು” ಎಂದೆನು.

ಮಾವನವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ತೆಲುಗಿನಲ್ಲಿ ಗಾಲಿಯೆಂದರೆ ಗಾಳಿ. ನಮ್ಮ ಗಾಲಿಗೆ ಅವರು ಚಕ್ರವೆನ್ನುತ್ತಾರೆ” ಎಂದರು. ಆಗ ನನಗಾದ ನಾಚಿಕೆಯನ್ನು ಏನೆಂದು ಬಣ್ಣಿಸಲಿ! ನಮ್ಮ ಕಾರಿನ ರೋಗವನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದನು. ನಾನು ಅದನ್ನು ಸುಳ್ಳೆಂದು ಸಾರಿದ್ದೆನು.

ಆ ರೋಗದ ಸ್ವರೂಪವನ್ನು ಮಾವನವರು ವಿವರಿಸಿದುದು ಹೀಗೆ. ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿನ ಸುತ್ತಲೂ ಉಕ್ಕಿನ ಉಂಗುರಗಳಿದ್ದರೂ ಅನಿಲದ ಅಲ್ಪಭಾಗವು ಅವುಗಳ ಬದಿಯಿಂದ ನುಸುಳಿ, ಎಣ್ಣೆಯಿರುವ ಕೆಳಮನೆಯನ್ನು ಸೇರುತ್ತದೆ. ಹೊಸ ಎಂಜಿನ್ನಿನಲ್ಲಿಯೂ ಇದು ತಪ್ಪಿದ್ದಲ್ಲ. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡ ಹೆಚ್ಚಿ, ಎಣ್ಣೆಯನ್ನು ಸಂದುಗೊಂದುಗಳಿಂದ ಹೊರಕ್ಕೆ ದೂಡುತ್ತದೆ. ಗ್ಯಾಸ್ಕೆಟ್ಟನ್ನು ಎಷ್ಟು ಸಲ ಬದಲಾಯಿಸಿದರೂ ಎಣ್ಣೆ ಬೇರೊಂದು ದಾರಿಯನ್ನು ಹುಡುಕಿಕೊಳ್ಳುತ್ತದೆ.

ಹಿಂದಿನ ಕಾಲದ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರಂತೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಹೊಗೆಮಂಜು ಕವಿಯುತ್ತಿದ್ದುದಕ್ಕೆ ಕಾರಣವನ್ನು 1950ರ ದಶಕದ ಆರಂಭದಲ್ಲಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿಯು ಕಂಡುಹಿಡಿದರು. ಅವರು ಅನಾನಸಿನ ಪರಿಮಳವನ್ನು ಕುರಿತು ಸಂಶೋಧನೆ ನಡೆಸಿದ್ದವರು! ಉರಿಯದೆ ಉಳಿದ ಪೆಟ್ರೋಲಿನ ಆವಿಯೂ ಎಂಜಿನ್ನುಗಳಿಂದ ಬರುವ ಇತರ ಅನಿಲಗಳೂ ಬಿಸಿಲಿನಲ್ಲಿ ಸೇರಿ ಆ ಮಂಜನ್ನು ಉಂಟುಮಾಡುವುವೆಂದು ಅವರು ತೋರಿಸಿದರು. ತರುವಾಯ 1961ರ ಮಾದರಿಗಳಿಂದ ಮೊದಲ್ಗೊಂಡು ಕ್ಯಾಲಿಫೋರ್ನಿಯದಲ್ಲಿ ಮಾರುವ ಅಮೆರಿಕದ ಕಾರುಗಳಿಗೆ, 1963ರ ಮಾದರಿಗಳಿಂದ ಆ ದೇಶದ ಎಲ್ಲ ಕಡೆಯ ಕಾರುಗಳಿಗೆ, ಈ ಅನಿಲವನ್ನು ಎಂಜಿನ್ನೇ ಮತ್ತೆ ಹೀರಿಕೊಂಡು ಉರಿಸುವ ಏರ್ಪಾಡು ಬಂದಿತು. ನಮ್ಮ ದೇಶದಲ್ಲಿಯೂ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ವಿಶಾಖಪಟ್ಟಣವೂ ವಿಜಯವಾಡವೂ ಸೇರಿದ್ದುವು.

ಈ ಏರ್ಪಾಡಿನ ಬಾಗಿಲು ಕಾಯುವುದೇ ಆ ಪುಟ್ಟ ಕವಾಟ. ಅದರೊಳಗೆ ಒಂದು ಸಣ್ಣ ಬೆಣೆಯೂ ಒಂದು ಸುರುಳಿಯೂ ಇರುತ್ತವೆ. ಎಂಜಿನ್ನು ನಿಂತಲ್ಲಿಯೇ ಮೆಲ್ಲನೆ ನಡೆಯುವಾಗ ಹೀರುವ ಬಲ ಹೆಚ್ಚು. ಆಗ ಬೆಣೆಯು ಎಳೆಯಲ್ಪಟ್ಟು ದಾರಿಯನ್ನು ಕಿರಿದುಮಾಡುತ್ತದೆ. ಭಾರವನ್ನು ಎಳೆಯುವಾಗ ಹೀರುವ ಬಲ ಕಡಿಮೆ. ಆಗ ಸುರುಳಿಯು ಬೆಣೆಯನ್ನು ಹಿಂದಕ್ಕೆ ನೂಕಿ ದಾರಿಯನ್ನು ಅಗಲಿಸುತ್ತದೆ. ಎಂದಾದರೂ ಉರಿ ಹಿಮ್ಮೆಟ್ಟಿ ಬಂದರೆ ಬೆಣೆಯು ಪೂರ್ತಿ ಮುಚ್ಚಿಕೊಂಡು, ಕಿಡಿಯು ಕೆಳಮನೆಯನ್ನು ಸೇರದಂತೆ ತಡೆಯುತ್ತದೆ.

ಎಂಜಿನ್ನು ಚೆನ್ನಾಗಿ ತಣಿದ ಮೇಲೆ ಕೆಲಸಕ್ಕೆ ಕೈಹಾಕಿದೆವು. ತಲೆಯ ಮುಚ್ಚಳದಿಂದ ಗಾಳಿ ಒಳಸೇರುವ ಕೊಳವೆಗೆ ಹೋಗುವ ರಬ್ಬರಿನ ನಳಿಕೆಯೊಂದಿತ್ತು. ಅದರ ಹಿಡಿಕೆಯನ್ನು ಸಡಿಲಿಸಿ ನಳಿಕೆಯನ್ನು ಬಿಡಿಸಿ, ಕವಾಟವನ್ನು ಮೆಲ್ಲನೆ ತಿರುಗಿಸುತ್ತ ಹೊರಕ್ಕೆಳೆದೆವು. ಅದು ಕುಳಿತಿದ್ದ ರಬ್ಬರಿನ ಬಳೆಯು ಗಟ್ಟಿಯಾಗಿ ಹೆಂಚಿನಂತೆ ಚೂರಾಯಿತು. ಚೂರುಗಳು ಒಳಗೆ ಬೀಳದಂತೆ ಒಂದೊಂದನ್ನೂ ಚಿಮುಟದಿಂದ ಎತ್ತಿ, ಜೋಡಿಸಿ ಎಣಿಸಿ ನೋಡಲು ಅರ್ಧ ಗಂಟೆ ಹಿಡಿಯಿತು. ಒಳ್ಳೆಯ ಕವಾಟವನ್ನು ಕಿವಿಯ ಬಳಿ ಅಲುಗಿಸಿದರೆ ಬೆಣೆಯು ಟಕಟಕನೆ ಸದ್ದುಮಾಡಬೇಕು. ನಮ್ಮದು ಮೂಕವಾಗಿತ್ತು. ಅದರ ಬಾಯಿಯ ತುಂಬ ಕಂದುಬಣ್ಣದ ಅಂಟು. ದಿನವೂ ಒಂದೆರಡು ಮೈಲಿಯಷ್ಟೇ ಓಡುವ ಎಂಜಿನ್ನು ಪೂರ್ತಿ ಕಾಯುವುದಿಲ್ಲ. ಒಳಗಣ ನೀರಾವಿ ಹನಿಯಾಗಿ ಎಣ್ಣೆಯೊಡನೆ ಬೆರೆತು ಹೀಗೆ ಅಂಟಾಗುವುದೆಂದೂ, ಕಡಲತೀರದ ತೇವವು ಅದಕ್ಕೆ ಇನ್ನಷ್ಟು ನೆರವಾಗುವುದೆಂದೂ ಮಾವನವರು ಹೇಳಿದರು.

ಮಾರನೆಯ ದಿನ ನಗರದ ಅಂಗಡಿಯಿಂದ ಹೊಸ ಕವಾಟವನ್ನೂ ಬಳೆಯನ್ನೂ ನಳಿಕೆಯನ್ನೂ ತಂದೆವು. ಎಲ್ಲವೂ ಸೇರಿ ಐನೂರು ರೂಪಾಯಿಗೆ ಮೀರಲಿಲ್ಲ. ಅನಿಲವು ಹೋಗಬೇಕಾದ ದಿಕ್ಕನ್ನು ನೋಡಿಕೊಂಡು ಕವಾಟವನ್ನು ಕೂಡಿಸಿ, ಎಂಜಿನ್ನನ್ನು ನಡೆಯಿಸಿ, ಮತ್ತೆ ಎಣ್ಣೆಯ ಬಾಯಿಗೆ ಕಾಗದವನ್ನಿಟ್ಟೆವು. ಈ ಸಲ ಕಾಗದವು ಬಾಯಿಗೆ ಮೆತ್ತಿಕೊಂಡಿತು.

ಪರೀಕ್ಷೆಗಾಗಿ ಸಿಂಹಾಚಲದ ಬೆಟ್ಟವನ್ನು ಹತ್ತಿದೆವು. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯನು 1516ರಲ್ಲಿ ಇಲ್ಲಿಯ ನರಸಿಂಹಸ್ವಾಮಿಯ ಸನ್ನಿಧಿಗೆ ಬಂದು ಕಾಣಿಕೆಗಳನ್ನು ಅರ್ಪಿಸಿದುದನ್ನು ಶಾಸನವು ತಿಳಿಸುತ್ತದೆ. ಕನ್ನಡವನ್ನೂ ತೆಲುಗನ್ನೂ ಒಂದೇ ರಾಜ್ಯದಲ್ಲಿ ಆಳಿದ ಆ ದೊರೆಯ ನೆನಪು ಅಂದು ನನಗೆ ಸುಖವನ್ನೀಯಲಿಲ್ಲ. ರಾತ್ರಿ ಕಾರಿನ ಅಡಿಯಲ್ಲಿ ಬಿಳಿಯ ಕಾಗದಗಳನ್ನು ಹಾಸಿದೆವು. ಬೆಳಗ್ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹುಡುಗನು ಹಾಕಿದ್ದ ಗ್ಯಾಸ್ಕೆಟ್ಟು ಹಾಗೆಯೇ ಇತ್ತು. ಅವನ ಕೆಲಸದಲ್ಲಿ ಲವಲೇಶವೂ ದೋಷವಿರಲಿಲ್ಲ.

“ಕೂಲಿಯನ್ನು ನಾನು ಕೊಡುತ್ತೇನೆ. ಮಾತನ್ನು ನೀನೇ ಆಡಬೇಕು” ಎಂದರು ಮಾವನವರು. ಶೆಡ್ಡಿನವರೆಗಿನ ಆ ಅರ್ಧ ಮೈಲಿಯಷ್ಟು ದೀರ್ಘವಾದ ದಾರಿಯನ್ನು ನಾನು ನಡೆದುದಿಲ್ಲ. ಅವನು ಒಂದು ಲಾರಿಯ ಕೆಳಗೆ ಮಲಗಿ ಕೆಲಸಮಾಡುತ್ತಿದ್ದನು. ಹೊರಗೆ ಬಂದವನು ನನ್ನನ್ನು ಕಂಡು ಮುಖ ತಿರುಗಿಸಿದನು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಮರೆತುಹೋದುವು. ಹಣವನ್ನೂ ಹಳೆಯ ಕವಾಟವನ್ನೂ ಮುಂದಿಟ್ಟು, “ಕ್ಷಮಿಂಚಂಡಿ” ಎಂದಷ್ಟೇ ಹೇಳಿದೆನು. ಅವನು ಮೊದಲು ಕವಾಟವನ್ನು ತೆಗೆದುಕೊಂಡು, ಕಿವಿಯ ಬಳಿ ಅಲುಗಿಸಿ ನೋಡಿದನು. ತರುವಾಯ ಹಣವನ್ನು ಎಣಿಸಿ ಜೇಬಿಗಿಟ್ಟನು. ಗಾಲಿಯೆಂಬ ಮಾತಿನಿಂದಾದ ಅವಾಂತರವನ್ನು ನಾನು ಕೈಸನ್ನೆಯಿಂದ ತಿಳಿಸಲು ಹೆಣಗುತ್ತಿರಲು, ಅವನು ನನ್ನ ಅಂಗೈಯನ್ನು ಹಿಡಿದು ಅದರ ಮೇಲೆ ಬಾಯಿಂದ ಊದಿ, “ಗಾಲಿ” ಎಂದನು. ಪಕ್ಕದಲ್ಲಿ ಒರಗಿಸಿದ್ದ ಲಾರಿಯ ಚಕ್ರವನ್ನು ತಟ್ಟಿ, “ಚಕ್ರಂ” ಎಂದನು. ನಾನು ಎರಡನ್ನೂ ಪಾಠದಂತೆ ಹೇಳಿ ಒಪ್ಪಿಸಿದೆನು. ಆಗ ಅವನು ನಕ್ಕನು.

ಅರ್ಧ ತಿಳಿದ ಭಾಷೆಯಲ್ಲಿ ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದೆಂಬುದನ್ನು ನಾನು ಹೀಗೆ ಕಲಿತೆನು. ಆ ಹಳೆಯ ಕವಾಟವು ಈಗಲೂ ಅವನಲ್ಲಿಯೇ ಇದೆ. ಶೆಡ್ಡಿಗೆ ಹೊಸದಾಗಿ ಸೇರುವ ಹುಡುಗರಿಗೆ ತೋರಿಸಲು ಬೇಕೆಂದು ಅವನು ಅದನ್ನು ಕೇಳಿ ಇಟ್ಟುಕೊಂಡನು.