ಶಿಲ್ಪಿಯ ಅಂಗಳ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ, ಸೇಂಟ್ ಐವ್ಸ್ ಎಂಬ ಪುಟ್ಟ ಊರಿದೆ. ಮೀನುಗಾರರ ಹಳೆಯ ಬಂದರು ಅದು. ಅಲ್ಲಿ ಎತ್ತರದ ಗೋಡೆಯ ಮರೆಯಲ್ಲಿ ಟ್ರೆವಿನ್ ಎಂಬ ಮನೆಯಿದೆ. ಶಿಲ್ಪಿಯೂ ಚಿತ್ರಕಲಾವಿದೆಯೂ ಆಗಿದ್ದ ಬಾರ್ಬರಾ ಹೆಪ್‌ವರ್ತ್ 1949ರಲ್ಲಿ ಇದನ್ನು ಕೊಂಡರು. ಬಾಳಿನ ಕೊನೆಯವರೆಗೂ ಇಲ್ಲಿ ದುಡಿದರು.

ಮೇಲಂತಸ್ತಿನ ಬಿಳಿಯ ಕೋಣೆಯಲ್ಲಿ ನುಣುಪಾದ ಶಿಲ್ಪಗಳಿವೆ. ಅವು ಸುಂದರವೇ ಸರಿ. ಆದರೆ ಅಂಥವನ್ನು ಬೇರೆ ವಸ್ತುಸಂಗ್ರಹಾಲಯಗಳಲ್ಲಿಯೂ ಕಾಣಬಹುದು. ನೋಡಬಂದವರ ಕಾಲನ್ನು ತಡೆದು ನಿಲ್ಲಿಸುವುದು ತೋಟದ ಮಗ್ಗುಲಿನ ಕೆತ್ತನೆಯ ಕೊಠಡಿ. ಅಲ್ಲಿ ಕೆಲಸದ ಅಂಗಿಗಳು ತೂಗುತ್ತಿವೆ. ಉಳಿ, ಸುತ್ತಿಗೆ, ಅರಗಳು ಇಟ್ಟಂತೆಯೇ ಇವೆ. ಕಲ್ಲುಗಳಲ್ಲಿ ಕೆಲವು ಅರ್ಧ ರೂಪು ತಳೆದಿವೆ; ಕೆಲವಕ್ಕೆ ಉಳಿಯೇ ತಾಗಿಲ್ಲ. ಕೆಲಸದಲ್ಲಿದ್ದವರು ಈಗಷ್ಟೇ ಎದ್ದು ಒಳಗೆ ಹೋದಂತಿದೆ.

ಇಷ್ಟು ಜಾಗ ಆಕೆಗೆ ಸುಲಭವಾಗಿ ಒದಗಿದುದಲ್ಲ. 1934ರಲ್ಲಿ ಆಕೆಗೆ ಒಂದೇ ಹೆರಿಗೆಯಲ್ಲಿ ಮೂವರು ಮಕ್ಕಳು ಜನಿಸಿದರು. 1939ರಲ್ಲಿ ಮಹಾಯುದ್ಧದ ಕಾರ್ಮೋಡ ಕವಿದಾಗ ಆಕೆಯೂ ಚಿತ್ರಕಾರರಾದ ಪತಿ ಬೆನ್ ನಿಕಲ್ಸನ್ನರೂ ಆ ಮಕ್ಕಳೊಡನೆ ಲಂಡನ್ ಬಿಟ್ಟು ಈ ಕಡಲತೀರಕ್ಕೆ ಬಂದರು. ಯುದ್ಧದ ಮೊದಲ ವರ್ಷಗಳಲ್ಲಿ ಹಗಲೆಲ್ಲ ಮಕ್ಕಳ ಆರೈಕೆ, ಮನೆಗೆಲಸ, ತರಕಾರಿಯ ಬೇಸಾಯ. ಕಲ್ಲಿಗೆ ಜಾಗ ಬೇಕು, ಬೆಳಕು ಬೇಕು, ಬಿಡುವು ಬೇಕು, ಅವೊಂದೂ ಇರಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಆಕೆ ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದರು. ಶಿಲ್ಪಿಗೆ ಇದು ಎಂತಹ ಉಪವಾಸವೆಂಬುದನ್ನು ಊಹಿಸಬಹುದು! ಮುಂದೆ ಮಗಳೊಬ್ಬಳು ಮೂಳೆಯ ಕಾಯಿಲೆಯಿಂದ ಹಾಸಿಗೆ ಹಿಡಿದಳು. ಚಿಕಿತ್ಸೆ ನೀಡಿದ ವೈದ್ಯರ ಪರಿಚಯದಿಂದ ಆಕೆ 1947ರಿಂದ 1949ರವರೆಗೆ ಶಸ್ತ್ರಚಿಕಿತ್ಸೆಗಳನ್ನು ಕಣ್ಣಾರೆ ಕಂಡು ಚಿತ್ರಿಸಿದರು. ಆ ಚಿತ್ರಗಳಲ್ಲಿ ಎದ್ದು ಕಾಣುವುದು ವೈದ್ಯರ ಕೈಗಳು, ಮುಖವಸ್ತ್ರದ ಮೇಲಿನ ಕಣ್ಣುಗಳು. ಉಳಿ ಹಿಡಿದ ಕೈಗೆ ಅವು ತನ್ನ ಬಂಧುಗಳಂತೆ ಕಂಡಿರಬೇಕು.

ಟ್ರೆವಿನ್ ದೊರೆತ ಮೇಲೆ ಕಲ್ಲು ಬಯಲಿಗೆ ಬಂದಿತು. ಇಲ್ಲಿನ ಹವೆ ಹಿತಕರ. ಅಂಗಳದಲ್ಲಿಯೇ ಕೆತ್ತನೆ ನಡೆಯಿತು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ 1964ರಲ್ಲಿ ನಿಂತ 21 ಅಡಿ ಎತ್ತರದ ಕಂಚಿನ ಶಿಲ್ಪವೂ ಆಕೆಯದೇ. ಆದರೆ ಅದನ್ನು ಕಂಡವರಿಗೂ ಈ ತೋಟ ಹೊಸದೊಂದನ್ನು ತೋರಿಸುತ್ತದೆ. ಶಿಲ್ಪದ ನಡುವೆ ರಂಧ್ರ ಕೊರೆಯುವುದು ಹೆಪ್‌ವರ್ತ್‌ರ ವೈಶಿಷ್ಟ್ಯ. ಕೋಣೆಯಲ್ಲಿ ಆ ರಂಧ್ರದಾಚೆ ಕಾಣುವುದು ಬರಿಯ ಗೋಡೆ. ಇಲ್ಲಿ ಎಲೆ ಕಾಣುತ್ತದೆ, ಮೋಡ ಕಾಣುತ್ತದೆ. ಗಾಳಿ ಬೀಸಿದರೆ ಶಿಲ್ಪದೊಳಗಿನ ನೋಟವೇ ಅಲುಗುತ್ತದೆ.

1975ರ ಮೇ 20ರಂದು ಇದೇ ಮನೆಯಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ಹೆಪ್‌ವರ್ತ್ ಮೃತರಾದರು. ಆಗ ಅವರಿಗೆ 72 ವರ್ಷ. ಅವರ ಇಚ್ಛೆಯಂತೆ ಮನೆಯವರು 1976ರಲ್ಲಿ ಇದನ್ನು ಸಾರ್ವಜನಿಕರಿಗೆ ತೆರೆದರು. 1980ರಿಂದ ಟೇಟ್ ಕಲಾಸಂಸ್ಥೆ ನೋಡಿಕೊಳ್ಳುತ್ತಿದೆ. ಕೊಠಡಿಯ ಅರ್ಧ ಕೆತ್ತಿದ ಕಲ್ಲುಗಳನ್ನು ಬೇರೆ ಯಾರೂ ಮುಗಿಸಲಿಲ್ಲ.